ಮೂರನೆಯ ಗುಡ್ಡೆಯಲ್ಲಿ ನಿಂತ ಸೈಕಲ್

೧

ಎಲ್ಲಿಂದ ಹೊರಡುವುದು?

ಬಸ್ಸಿಗೆ ಈ ಪ್ರಶ್ನೆ ಇಲ್ಲ. ಕಾಪು ಪೇಟೆಯಿಂದ ಏಳೂ ಇಪ್ಪತ್ತಕ್ಕೆ ಬಿಡಬೇಕು, ಬಿಟ್ಟಾಯಿತು. ಜನ ತುಂಬಲಿಲ್ಲವೆಂದು ಎರಡು ನಿಮಿಷ ತಡಮಾಡಿದರೆ ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ ಒತ್ತಿ ಹೊರಡಿಸಿಬಿಡುತ್ತಾನೆ. ಕತೆಗೆ ಹಾಗೆ ಹಿಂದಿನಿಂದ ಹಾರ್ನ್ ಒತ್ತುವವರು ಯಾರಿದ್ದಾರೆ? ಅದಕ್ಕೇ ಇದು ಏಳು ವರ್ಷದಿಂದ ಸ್ಟ್ಯಾಂಡಿನಲ್ಲೇ ನಿಂತಿದೆ.

ಈಗ ಒಬ್ಬರು ಒತ್ತಿದ್ದಾರೆ. ವಾರಪತ್ರಿಕೆಯೊಂದು ವಿಶೇಷಾಂಕಕ್ಕಾಗಿ ‘ಚಿತ್ರ ನಮ್ಮದು, ಕತೆ ನಿಮ್ಮದು’ ಎಂಬ ಸ್ಪರ್ಧೆ ಇಟ್ಟಿದೆ. ಬಣ್ಣದ ಚಿತ್ರ. ಯಾವುದೋ ದೂರದೇಶದ ದ್ರಾಕ್ಷಿತೋಟ. ಬಾಚಣಿಗೆಯಲ್ಲಿ ಬಾಚಿದಂತೆ ಸಾಲುಸಾಲು ಬಳ್ಳಿ. ಏರಿ, ಇಳಿದು, ಮತ್ತೆ ಏರುವ ಗುಡ್ಡಗಳು. ನಡುವೆ ಒಂದು ರಸ್ತೆ. ರಸ್ತೆಯಲ್ಲಿ ಬಸ್ಸಿಲ್ಲ, ಲಾರಿಯಿಲ್ಲ, ಒಂದು ದನ ಕೂಡ ಇಲ್ಲ. ಒಬ್ಬ ಗಂಡಸು, ಒಬ್ಬಳು ಹೆಂಗಸು, ಸೈಕಲ್ಲಿನ ಹಿಂದೆ ಚೀಲ ಕಟ್ಟಿಕೊಂಡು ಹೋಗುತ್ತಿದ್ದಾರೆ. ಯಾರಿಗೂ ಅವಸರವಿಲ್ಲ. ಕತೆ ಎರಡು ಸಾವಿರ ಪದ ಮೀರಬಾರದು. ಈ ಮಂಗಳವಾರದ ಟಪಾಲಿಗೆ ಬೀಳಬೇಕು.

(ಓದುಗರೇ, ನಾನು ಬಸ್ ಕಂಡಕ್ಟರ್, ಹೆಸರು ಅಣ್ಣು. ನನಗೆ ಬಸ್ಸಿಲ್ಲದ ರಸ್ತೆಯ ಚಿತ್ರ ಕೊಟ್ಟು ಕತೆ ಬರೆಯೆನ್ನುವುದು, ಹೋಟೆಲಿನವನಿಗೆ ಉಪವಾಸದ ಬಗ್ಗೆ ಭಾಷಣ ಮಾಡೆಂದ ಹಾಗೆ.)

೨

“ಮರಿಯಾ ಮತ್ತು ಪೀಟರ್ ಸೈಕಲ್ ತುಳಿಯುತ್ತಿದ್ದರು. ಎರಡೂ ಬದಿಯಲ್ಲಿ ದ್ರಾಕ್ಷಿಯ ಗೊಂಚಲುಗಳು ತೂಗುತ್ತಿದ್ದವು. ತಂಗಾಳಿ...”

ಇಲ್ಲಿಗೆ ನಿಂತಿತು. ನಾನು ದ್ರಾಕ್ಷಿ ನೋಡಿದ್ದು ಉಡುಪಿ ಮಾರ್ಕೆಟಿನ ಬುಟ್ಟಿಯಲ್ಲಿ. ಬಳ್ಳಿಯಲ್ಲಿ ನೋಡಿಲ್ಲ. ತೋಟಕ್ಕೆ ವಾಸನೆ ಉಂಟೋ ಇಲ್ಲವೋ ಗೊತ್ತಿಲ್ಲ. ಮರಿಯಾಳ ಟಯರು ಪಂಕ್ಚರಾದರೆ ಅಲ್ಲಿ ಯಾರನ್ನು ಕೂಗಬೇಕು? ಇಬ್ಬರೂ ಮಧ್ಯಾಹ್ನ ಎಲ್ಲಿ ಉಣ್ಣುತ್ತಾರೆ? ಉಣ್ಣದ ಪಾತ್ರಗಳನ್ನು ನಾನು ನಂಬುವುದಿಲ್ಲ. ಹಾಗಾಗಿ ಮರಿಯಾ, ಪೀಟರ್ ಇಬ್ಬರನ್ನೂ ಇಲ್ಲೇ ಇಳಿಸುತ್ತಿದ್ದೇನೆ. ಚಿಲ್ಲರೆ ಮಾತಿಲ್ಲ.

೨ (ಮತ್ತೊಮ್ಮೆ)

ದ್ರಾಕ್ಷಿತೋಟ ನಮ್ಮಲ್ಲಿಲ್ಲ. ಆದರೆ ಏರಿ ಇಳಿದು ಏರುವ ಗುಡ್ಡೆಗಳಿವೆ, ತುಂಬ ಗೇರುಮರ. ಮಾರ್ಚ್ ತಿಂಗಳಲ್ಲಿ ಹಣ್ಣು ಕೆಂಪಗೆ, ಹಳದಿಯಾಗಿ ತೂಗುತ್ತದೆ. ಬಿದ್ದು ಹುಳಿತ ಹಣ್ಣಿನ ವಾಸನೆಗೆ ಬಸ್ಸಿನೊಳಗೆ ಕೂತವರಿಗೂ ಅರ್ಧ ನಶೆ ಏರುತ್ತದೆ. ಬಸ್ಸಿಲ್ಲದ ರಸ್ತೆಯೂ ಒಮ್ಮೆ ನಮ್ಮಲ್ಲಿತ್ತು, ಆರು ವಾರದ ಮಟ್ಟಿಗೆ.

ಎಂಬತ್ತೆರಡನೆಯ ಇಸವಿ. ಇನ್ನಂಜೆಯ ಹಿಂದಿನಿಂದ ಗೇರುಗುಡ್ಡೆಗಳ ನಡುವೆ ಕಾರ್ಕಳದ ಕಡೆಗೆ ಹದಿನಾಲ್ಕು ಕಿಲೋಮೀಟರ್ ಹೊಸ ರಸ್ತೆ ಹಾಕಿದರು. ಡಾಮರು ಆಯಿತು, ಬದಿಯ ಕಲ್ಲಿಗೆ ಸುಣ್ಣ ಬಳಿದಾಯಿತು. ಉದ್ಘಾಟನೆ ಮಾತ್ರ ಆಗಲಿಲ್ಲ. ಮಂತ್ರಿಗಳಿಗೆ ಪುರಸೊತ್ತಿಲ್ಲ. ಎರಡೂ ತುದಿಯಲ್ಲಿ ಕೆಂಪುಕಲ್ಲು ಅಡ್ಡ ಇಟ್ಟು, ಗಾಡಿ ಹೋಗಬಾರದೆಂದು ಬೋರ್ಡು ತೂಗುಹಾಕಿದರು. ಊರವರು ಡಾಮರಿನ ಮೇಲೆ ಗೇರುಬೀಜ ಒಣಗಿಸಿದರು. ಸಂಜೆ ಅಜ್ಜಂದಿರು ನಟ್ಟನಡುವೆ ಕುರ್ಚಿ ಹಾಕಿ ಕೂತರು. ಕಲ್ಲಿನ ಸಂದಿಯಲ್ಲಿ ಒಂದು ಸೈಕಲ್ ತೂರುವಷ್ಟು ಜಾಗ ಇತ್ತು.

ಆ ಸಂದಿಯಲ್ಲಿ ತೂರಿ ಬರುವವರು ಜೆರ್ಟ್ರೂಡ್ ಬಾಯಿ. (ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೆ. ಇನ್ನು ನಾನು ಆದಷ್ಟು ಫುಟ್‌ಬೋರ್ಡಿನಲ್ಲೇ ನೇತಾಡಿಕೊಂಡಿರುತ್ತೇನೆ. ಒಳಗಿನ ಸೀಟು ಅವರದು.)

೪

(ಮೂರನೆಯದನ್ನು ಟ್ರಿಪ್ ಶೀಟಿನ ಹಿಂಬದಿಯಲ್ಲಿ ಬರೆದಿದ್ದೆ. ಬಸ್ಸಿನ ಯಜಮಾನರು ಫೈಲ್ ಮಾಡಿಕೊಂಡರು. ಅದರಲ್ಲಿ ಸೂರ್ಯೋದಯದ ವರ್ಣನೆ ಇತ್ತು. ನಿಮಗೆ ನಷ್ಟವಿಲ್ಲ.)

ಜೆರ್ಟ್ರೂಡ್ ಬಾಯಿ ಇನ್ನಂಜೆ ಕಡೆಯ ಸರಕಾರಿ ನರ್ಸ್. ಆಗ ವಯಸ್ಸು ನಲವತ್ತನಾಲ್ಕು. ಮೂರನೆಯ ಗುಡ್ಡೆ ದಾಟಿ ಬಲಕ್ಕೆ ತಿರುಗಿದರೆ ಸಿಗುವ ಪದವು (ಗುಡ್ಡೆಯ ಮೇಲಿನ ಬಯಲಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ) ಅವರ ಪಾಲಿನ ಕೊನೆಯ ಜಾಗ. ಬೋಳು ಬಯಲಿನ ಮೇಲೆ ಒಂದರಿಂದೊಂದು ದೂರದಲ್ಲಿ ಹತ್ತೊಂಬತ್ತು ಮನೆ. ನಡೆದು ಹೋಗಿ ಬರಲು ಒಂದು ದಿನ ಬೇಕು. ಹಾಗಾಗಿ ತಿಂಗಳಿಗೊಮ್ಮೆ ಮಾತ್ರ ಹೋಗುವುದು. ತಿಂಗಳ ನಡುವೆ ಅಲ್ಲಿ ಯಾವ ಬಸುರಿಗೆ ಕಾಲು ಊದಿತು, ಯಾವ ಮಗುವಿಗೆ ಜ್ವರ ಬಂತು ಎಂದು ಅವರಿಗೆ ತಿಳಿಯುವುದು ಎಲ್ಲ ಮುಗಿದ ಮೇಲೆ.

ಹೀಗಿರುವಾಗ ಮೇಲಿನಿಂದ ಕಾಗದ ಬಂತು. ನರ್ಸುಗಳಿಗೆ ಸೈಕಲ್ ಕೊಡುತ್ತಾರೆ, ಆದರೆ ತುಳಿಯಲು ಬರುತ್ತದೆ ಎಂದು ದೊಡ್ಡ ಡಾಕ್ಟರ್ ಕಣ್ಣಾರೆ ನೋಡಿ ಸಹಿ ಹಾಕಬೇಕು. ಬರದಿದ್ದರೆ ಆ ಸೈಕಲ್ ಬೇರೆ ಊರಿನ ಬೇರೆಯವರಿಗೆ.

ಬಾಯಿಗೆ ಬರುತ್ತಿರಲಿಲ್ಲ.

ಕಾಪುವಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ದೂಮಪ್ಪಣ್ಣನ ಹತ್ತಿರ ಹಸಿರು ಬಣ್ಣದ ಲೇಡೀಸ್ ಸೈಕಲ್ ಒಂದಿತ್ತು. ಮಣಿಪಾಲದಲ್ಲಿ ಓದಿ ಊರಿಗೆ ಹೊರಟ ಪರದೇಶದ ಹುಡುಗಿಯೊಬ್ಬಳು ಬಿಟ್ಟುಹೋದದ್ದು. ದಿನಾ ಸಂಜೆ ಅದು, ದೂಮಪ್ಪಣ್ಣ, ಬಾಯಿ, ಮೂವರೂ ಹೊಸ ರಸ್ತೆಗೆ. ಸೀರೆಯ ನೆರಿಗೆಗೆ ಹಳೆ ಟ್ಯೂಬಿನಿಂದ ಕತ್ತರಿಸಿದ ಒಂದು ರಬ್ಬರ್ ಪಟ್ಟಿ. ಸೆರಗಿಗೆ ಎರಡು ಸೇಫ್ಟಿ ಪಿನ್.

“ಬಾಯಿ, ಚಕ್ರ ನೋಡ್ಬೇಡಿ. ಚಕ್ರ ಎಲ್ಲಿಗೂ ಓಡಿಹೋಗುವುದಿಲ್ಲ. ದಾರಿ ನೋಡಿ.”

“ದಾರಿ ಅಲ್ಲಾಡ್ತದೆ ದೂಮಪ್ಪಣ್ಣ!”

“ದಾರಿ ಅಲ್ಲಾಡುವುದಲ್ಲ, ನೀವು.”

ಹಿಂದೆ ಕ್ಯಾರಿಯರ್ ಹಿಡಿದು ಓಡುವ ದೂಮಪ್ಪಣ್ಣನ ತುಟಿಯಲ್ಲಿ ಯಾವಾಗಲೂ ಬೀಡಿ. ಹನ್ನೊಂದನೆಯ ದಿನ ಬಾಯಿಯ ಮೂಗಿಗೆ ಇದ್ದಕ್ಕಿದ್ದಂತೆ ಬರೀ ಗೇರುಹಣ್ಣಿನ ವಾಸನೆ ಬಂತು. ಬೀಡಿಯದ್ದು ಇಲ್ಲ. ಅವರಿಗೆ ಅರ್ಥವಾಯಿತು. ತಿರುಗಿ ನೋಡಲಿಲ್ಲ. ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ, ರಸ್ತೆ ತಾನಾಗಿ ಕಾಲ ಕೆಳಗೆ ಬಂದು ಹೋಗುತ್ತಿತ್ತು. ನಲವತ್ತನಾಲ್ಕು ವರ್ಷ ತಾನು ನಡೆದದ್ದೆಲ್ಲ ಇದೇ ನೆಲದ ಮೇಲೆಯೇ ಎಂದು ಅವರಿಗೆ ಅನುಮಾನ ಬಂತು.

೫

“ಹಾಗೆ ಎಂತ ಅನುಮಾನವೂ ಬರಲಿಲ್ಲ ನನಗೆ,” ಅಂದರು ಜೆರ್ಟ್ರೂಡ್ ಬಾಯಿ.

(ಹೇಳಲು ಮರೆತೆ. ನನ್ನ ಪಾತ್ರ ಪ್ರತಿ ಬುಧವಾರ ನನ್ನ ಬಸ್ಸಿಗೇ ಹತ್ತುತ್ತದೆ. ಈಗ ವಯಸ್ಸು ಐವತ್ತೊಂದು, ಕಿಟಕಿ ಸೀಟು, ಮಡಿಲಲ್ಲಿ ಐಸ್ ತುಂಬಿದ ಫ್ಲಾಸ್ಕು, ಅದರಲ್ಲಿ ಮದ್ದು. ಬರೆದಷ್ಟನ್ನು ನಾನು ಸ್ಟಾಪು ಸ್ಟಾಪುಗಳ ನಡುವೆ ಓದಿ ಹೇಳುತ್ತೇನೆ. ನಾವು ಮಾತಾಡುವುದು ತುಳುವಿನಲ್ಲಿ. ಸಂಪಾದಕರಿಗೆ ತೊಂದರೆಯಾಗದಿರಲಿ ಎಂದು ಕನ್ನಡ ಮಾಡಿದ್ದೇನೆ.)

“ಮತ್ತೆ ಎಂತ ಅನ್ನಿಸಿತು ಬಾಯಿ?”

“ಬ್ರೇಕ್ ಎಲ್ಲಿ ಅಂತ ಅನ್ನಿಸಿತು.”

“ಅದನ್ನು ಕತೆಯಲ್ಲಿ ಬರೆಯಲಿಕ್ಕೆ ಆಗುವುದಿಲ್ಲ.”

“ಯಾಕೆ? ಬ್ರೇಕ್ ಕತೆಯಲ್ಲಿ ಹಿಡಿಯುವುದಿಲ್ಲವಾ?”

ಮುಂದಿನ ಸೀಟಿನಿಂದ ಡ್ರೈವರ್ ಸುಂದರಣ್ಣ ನಕ್ಕರು. “ಅವನಿಗೆ ಹಿಡಿಯುವುದಿಲ್ಲ ಬಾಯಿ. ಏಳು ವರ್ಷದಿಂದ ಇದೇ ಕತೆ ಬರೀತಾ ಇದ್ದಾನೆ.”

ಇರಲಿ. ‘ಅನುಮಾನ ಬಂತು’ ಎಂಬಲ್ಲಿ ನೀವು ‘ಬ್ರೇಕ್ ಎಲ್ಲಿ ಎಂದು ಹುಡುಕಿದರು’ ಎಂದು ಓದಿಕೊಳ್ಳಿ.

೬

ದೂಮಪ್ಪಣ್ಣನ ಅಂಗಡಿಯ ಬೆಂಚಿನಲ್ಲಿ ಒಂದು ಹಳೆಯ ಚರ್ಚೆ ಇತ್ತು. ಅದನ್ನು ಇಲ್ಲೇ ಹೇಳಿಬಿಡಬೇಕು. ಮುಂದೆ ಹೇಳಿದರೆ ಬೇಕಾದ ಹಾಗೆ ತಂದು ಸೇರಿಸಿದ್ದಾನೆ ಎನ್ನುತ್ತೀರಿ.

ಮೂರನೆಯ ಗುಡ್ಡೆಯ ನೆತ್ತಿಯಲ್ಲಿ ಒಂದು ಜಾಗ ಉಂಟು. ಅಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಕಾಪುವಿನ ದೀಪಸ್ತಂಭ, ನಿಂತಲ್ಲೇ ಪೂರ್ವಕ್ಕೆ ತಿರುಗಿದರೆ ಕಾರ್ಕಳದ ಗೊಮ್ಮಟ, ಎರಡೂ ಕಾಣುತ್ತವೆ ಎಂದು ಒಂದು ಪಕ್ಷ. ಶುದ್ಧ ಸುಳ್ಳು, ಒಂದು ಕಂಡರೆ ಇನ್ನೊಂದಕ್ಕೆ ಗುಡ್ಡೆ ಅಡ್ಡ ಎಂದು ಇನ್ನೊಂದು ಪಕ್ಷ. ಹತ್ತಿ ನೋಡಿದವರು ಯಾರೂ ಇಲ್ಲ. ನೋಡಿಬಿಟ್ಟರೆ ಸಂಜೆ ಬೆಂಚಿನಲ್ಲಿ ಎಂತ ಮಾತಾಡುವುದು?

ಬಾಯಿ ಪಂಪು ಹೊಡೆಯುತ್ತ ಎರಡೂ ಪಕ್ಷ ಕೇಳಿಸಿಕೊಂಡರು.

೭

ಉದ್ಘಾಟನೆಯ ದಿನ ಗೊತ್ತಾಯಿತು. ಇನ್ನಂಜೆ ತುದಿಯಲ್ಲಿ ಹತ್ತು ಗಂಟೆಗೆ ಟೇಪು ಕತ್ತರಿಸುವುದು, ಮೊದಲ ಬಸ್ಸು ಜನ ತುಂಬಿಕೊಂಡು ಕಾರ್ಕಳ ತುದಿಗೆ ಹೋಗುವುದು, ಅಲ್ಲಿ ಸಭೆ. ಸಭೆಗೆ ದೊಡ್ಡ ಡಾಕ್ಟರ್ ಬರುತ್ತಾರೆ. ಅವತ್ತೇ ಅಲ್ಲೇ ಸೈಕಲ್ಲಿನ ಪರೀಕ್ಷೆಯನ್ನೂ ಮುಗಿಸುತ್ತೇನೆ, ನಿಮ್ಮೂರಿನಿಂದ ತುಳಿದುಕೊಂಡೇ ಬನ್ನಿ ಎಂದು ಹೇಳಿಕಳಿಸಿದ್ದರು.

ಜೆರ್ಟ್ರೂಡ್ ಬಾಯಿ ಎಂಟೂವರೆಗೆ ಹೊರಟರು. ಬಸ್ಸು ಹೊರಡುವುದರೊಳಗೆ ಅವರು ಆ ತುದಿ ಮುಟ್ಟಿ, ಮುಖ ತೊಳೆದು, ರಬ್ಬರ್ ಪಟ್ಟಿ ಬಿಚ್ಚಿ ನಿಂತಿರಬಹುದು. ಲೆಕ್ಕಾಚಾರ ಸರಿಯಾಗಿಯೇ ಇತ್ತು. ತಪ್ಪಿದ್ದು ಮಂತ್ರಿಗಳು. ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೊದಲೇ ಬಂದುಬಿಟ್ಟರು. (ಇದನ್ನು ಓದುಗರು ನಂಬುವುದಿಲ್ಲವೆಂದು ಬಾಯಿಯೇ ಹೇಳಿದರು. ನಡೆದದ್ದು ಹಾಗೆ. ನಾನೇನು ಮಾಡಲಿ?)

ಒಂಬತ್ತಕ್ಕೆ ಟೇಪು ಕತ್ತರಿಸಿದರು. ಮೊದಲ ಬಸ್ಸು ನಮ್ಮದು. ಸ್ಟೇರಿಂಗಿನಲ್ಲಿ ಸುಂದರಣ್ಣ, ಬಾಗಿಲಲ್ಲಿ ನಾನು, ಒಳಗೆ ತೊಂಬತ್ತು ಜನ, ಟಾಪಿನ ಮೇಲೆ ಇನ್ನೂ ಇಪ್ಪತ್ತು. ಮುಂದೆ ಬಾಳೆಗಿಡ ಕಟ್ಟಿತ್ತು. ಎಲ್ಲರ ಕೈಗೂ ಒಂದೊಂದು ಲಡ್ಡು.

ಮೂರನೆಯ ಗುಡ್ಡೆಯ ನೆತ್ತಿಯಲ್ಲಿ, ರಸ್ತೆಯ ಬದಿಗೆ, ಹಸಿರು ಸೈಕಲ್. ಒಂದು ಕಾಲು ಪೆಡಲಿನ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಜೆರ್ಟ್ರೂಡ್ ಬಾಯಿ.

ನಮ್ಮ ಕಡೆಯ ಕಂಡಕ್ಟರಿಗೆ ಒಂದು ಅಭ್ಯಾಸ ಉಂಟು. ರಸ್ತೆಯಲ್ಲಿ ನಿಂತವರನ್ನು ಬಿಟ್ಟುಹೋಗಲು ಅವನಿಂದ ಆಗುವುದಿಲ್ಲ. ಅವರು ಕೈ ತೋರಿಸಬೇಕೆಂದಿಲ್ಲ, ಬಸ್ಸಿನ ಕಡೆ ನೋಡಬೇಕೆಂದೂ ಇಲ್ಲ. ನಿಂತಿದ್ದಾರೆಂದರೆ ಬರುವವರೇ. ಬೇಲಿಗೆ ಒರಗಿ ಹಲ್ಲುಜ್ಜುತ್ತಿದ್ದವರನ್ನೂ ಹತ್ತಿಸಿಕೊಂಡು ಉಡುಪಿಗೆ ಮುಟ್ಟಿಸಿದವರಿದ್ದಾರೆ.

ನಾನು ಸೀಟಿ ಊದಿದೆ.

“ಸುಂದರಣ್ಣ, ನಿಲ್ಲಿಸಿ! ನರ್ಸ್ ಬಾಯಿ ದಾರಿಯಲ್ಲಿ ಬಾಕಿ!”

“ಬೇಡ ಅಣ್ಣು, ನಾನು...”

“ಎಂತ ಬೇಡ ಬಾಯಿ? ನಿಮ್ಮ ಬೆವರು ನೋಡಿ! ಹತ್ತಿ ಹತ್ತಿ. ಮೇಲಿನವರೇ, ಸೈಕಲ್ ಹಿಡೀರಿ ಮಾರಾಯ್ರೆ!”

ಹತ್ತು ಕೈಗಳು ಸೈಕಲ್ಲನ್ನು ಮೇಲಕ್ಕೆ ಎಳೆದುಕೊಂಡವು. ಎರಡು ಕೈ ಬಾಯಿಯನ್ನು ಒಳಕ್ಕೆ ಎಳೆದುಕೊಂಡವು. ಯಾರೋ ಎದ್ದು ಸೀಟು ಕೊಟ್ಟರು. ಯಾರೋ ಲಡ್ಡು ಕೊಟ್ಟರು. ನರ್ಸ್ ಬಾಯಿಗೆ ಜೈ ಎಂದು ಯಾರೋ ಕೂಗಿದರು. ಟಾಪಿನ ಮೇಲೆ ಸ್ವಾಗತ ಸಮಿತಿಯ ಒಬ್ಬ ದಪ್ಪ ಸದಸ್ಯರು, ಕೂರಲು ಬೇರೆ ಜಾಗ ಇಲ್ಲದೆ, ಮುಂದಿನ ಚಕ್ರದ ಮೇಲೆ ಕೂತರು.

ಹೀಗೆ ಜೆರ್ಟ್ರೂಡ್ ಬಾಯಿ ದೊಡ್ಡ ಡಾಕ್ಟರರ ಎದುರಿಗೆ, ಬಸ್ಸಿನಿಂದ, ಕೈಯಲ್ಲಿ ಲಡ್ಡು ಹಿಡಿದುಕೊಂಡು ಇಳಿದರು. ಸೈಕಲ್ ಆಮೇಲೆ ಮೇಲಿನಿಂದ ಇಳಿಯಿತು, ರಿಮ್ಮು ಬೆಂಡಾಗಿ.

“ಇಲ್ಲೇ ಒಂದು ಸುತ್ತು ತುಳಿದು ತೋರಿಸಿ,” ಎಂದರು ಡಾಕ್ಟರ್, ಕೆಟ್ಟ ಮನುಷ್ಯರಲ್ಲ. ಚಕ್ರ ಫೋರ್ಕಿಗೆ ಉಜ್ಜಿ ಅರ್ಧ ಸುತ್ತೂ ತಿರುಗಲಿಲ್ಲ. ಅವರು ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು: ಬಸ್ಸಿನಲ್ಲಿ ಬಂದರು, ತುಳಿದದ್ದು ನೋಡಿಲ್ಲ.

ಸರಕಾರದ ಸೈಕಲ್ ಹೆಬ್ರಿ ಕಡೆಯ ಯಾರಿಗೋ ಹೋಯಿತು.

ದೂಮಪ್ಪಣ್ಣ ರಿಮ್ಮು ನೋಡಿ ನನಗೆ ಒಂದೇ ಮಾತು ಹೇಳಿದ್ದು. “ಅಣ್ಣು, ನಿನಗೆ ಉಪಕಾರ ಮಾಡುವ ರೋಗ ಉಂಟು. ಬಾಯಿಯ ಹತ್ತಿರ ಅದಕ್ಕೆ ಇಂಜೆಕ್ಷನ್ ಉಂಟಾ ಕೇಳು.”

೮ (ಇಲ್ಲಿಂದ ಮುಂದೆ ಏಳು ವರ್ಷ ನಾನು ಬರೆದದ್ದು)

ಕೊನೆ, ಒಂದನೆಯದು. ಬಸ್ಸು ನಿಲ್ಲುವುದಿಲ್ಲ. ಕಂಡಕ್ಟರ್ ಕೈ ಬೀಸಿ ಹೋಗುತ್ತಾನೆ. ಬಾಯಿ ಬೆಲ್ಲು ಬಾರಿಸುತ್ತ ಇಳಿಜಾರಿನಲ್ಲಿ ಬರುತ್ತಾರೆ, ಡಾಕ್ಟರ್ ಚಪ್ಪಾಳೆ ತಟ್ಟುತ್ತಾರೆ.

ಬಾಯಿ ಕೇಳಿ ಹೇಳಿದರು: “ಚಂದ ಉಂಟು. ಆದರೆ ಇದು ನಿನ್ನ ಹೊಟ್ಟೆ ತಣ್ಣಗಾಗಲಿಕ್ಕೆ ಬರೆದದ್ದು. ನನಗೆ ಇದರಿಂದ ಎಂತ ಸಿಕ್ಕಿತು?”

ಕೊನೆ, ಎರಡನೆಯದು. ಬೆಂಡಾದ ಚಕ್ರದಲ್ಲೇ ಬಾಯಿ ಛಲದಿಂದ ಒಂದು ಸುತ್ತು ತುಳಿಯುತ್ತಾರೆ.

ಇದಕ್ಕೆ ದೂಮಪ್ಪಣ್ಣ ಬೆಂಚಿನಿಂದ ಎದ್ದೇ ನಿಂತರು. “ರಿಮ್ಮು ಬೆಂಡಾದ ಸೈಕಲ್ ಛಲಕ್ಕೆ ಓಡುವುದಿಲ್ಲ. ಓದುವವರಲ್ಲಿ ಸೈಕಲ್ ರಿಪೇರಿಯವರೂ ಇರ್ತಾರೆ ಮಾರಾಯ. ಮರ್ಯಾದೆ ತೆಗೀಬೇಡ.”

ಕೊನೆ, ಮೂರನೆಯದು. ಇದು ಸ್ಪರ್ಧೆಗಾಗಿ ಬರೆದು, ಹೋದ ಬುಧವಾರ ಬಸ್ಸಿನಲ್ಲಿ ಬಾಯಿಗೆ ಓದಿ ಹೇಳಿದ್ದು. ಬಾಯಿ ಮೂರನೆಯ ಗುಡ್ಡೆ ಇಳಿಯುತ್ತಿದ್ದಂತೆ ಗೇರುಮರಗಳು ಮೆಲ್ಲನೆ ದ್ರಾಕ್ಷಿಬಳ್ಳಿಗಳಾಗುತ್ತವೆ. ಚಿತ್ರದ ಹೆಂಗಸು ಅವರೇ. ಪಕ್ಕದಲ್ಲಿ ಆ ಗಂಡಸು.

“ಅವನು ಯಾರು?”

“ಗೊತ್ತಿಲ್ಲ ಬಾಯಿ.”

“ಗೊತ್ತಿಲ್ಲದವನ ಜೊತೆ ನನ್ನನ್ನು ದ್ರಾಕ್ಷಿತೋಟಕ್ಕೆ ಕಳಿಸ್ತೀಯಾ? ಆದಿತ್ಯವಾರ ಚರ್ಚಿನಲ್ಲಿ ನಾನು ಯಾರ ಮುಖ ನೋಡ್ಲಿ?”

ಸುಂದರಣ್ಣ ನಗುವ ರಭಸಕ್ಕೆ ಗೇರ್ ತಪ್ಪಿತು.

ಬಾಯಿ ಮಾತ್ರ ಚಿತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ತುಂಬ ಹೊತ್ತು ನೋಡಿದರು. ಬಸ್ಸು ಎರಡನೆಯ ಗುಡ್ಡೆ ಹತ್ತಿ ಇಳಿಯಿತು.

“ಇವರು ಎಷ್ಟು ಸಲ ನಿಂತಿರಬಹುದು ಅಲ್ವಾ,” ಅಂದರು.

“ಯಾರು?”

“ಇವರಿಬ್ಬರು. ಇಂಥ ದಾರಿಯಲ್ಲಿ ಹೋಗುವವರು ನಿಲ್ಲದೆ ಇರ್ತಾರಾ?” ಆಮೇಲೆ ಚಿತ್ರ ಮಡಚಿ ನನ್ನ ಕೈಗೆ ಕೊಟ್ಟರು. “ಅಣ್ಣು, ನೀನು ಏಳು ವರ್ಷದಲ್ಲಿ ಕೊನೆ ಮಾತ್ರ ಬದಲಿಸಿದ್ದು. ಒಂದು ವಿಷಯ ನನ್ನ ಹತ್ತಿರ ಕೇಳಲೇ ಇಲ್ಲ.”

“ಎಂತ?”

“ನಾನು ಅಲ್ಲಿ ಎಂತಕ್ಕೆ ನಿಂತದ್ದು ಅಂತ.”

“ಸುಸ್ತಾಗಿತ್ತಲ್ಲ ನಿಮಗೆ.”

“ಯಾರು ಹೇಳಿದ್ದು?”

೯

ಯಾರೂ ಹೇಳಿರಲಿಲ್ಲ. ಬೆವರು ಕಂಡಿದ್ದೆ, ಸೀಟಿ ಊದಿದ್ದೆ. ಹಾಗಾಗಿ ಏಳನೆಯ ಭಾಗವನ್ನು ಇನ್ನೊಮ್ಮೆ ಬರೆಯಬೇಕು. ಈ ಸಲ ಅವರು ಹೇಳಿದಷ್ಟೇ.

ಜೆರ್ಟ್ರೂಡ್ ಬಾಯಿ ಮೊದಲ ಗುಡ್ಡೆಯನ್ನು ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡೇ ಹತ್ತಿದರು. ಎರಡನೆಯದನ್ನು ಅರ್ಧ ತುಳಿದರು, ಅರ್ಧ ತಳ್ಳಿದರು. ಮೂರನೆಯದನ್ನು ಬುಡದಿಂದ ನೆತ್ತಿಯವರೆಗೆ, ದಾರಿಯ ಈ ಬದಿಯಿಂದ ಆ ಬದಿಗೆ ಹಾವಿನಂತೆ ಹರಿದು, ಇಳಿಯದೆ ತುಳಿದರು. ಇಡೀ ರಸ್ತೆ ಅವರೊಬ್ಬರದೇ ಆದ್ದರಿಂದ ಹಾಗೆ ಹರಿಯಬಹುದಿತ್ತು. ಮೇಲೆ ಮುಟ್ಟಿದಾಗ ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಸುಸ್ತಲ್ಲ. ಇನ್ನೊಂದು ಗುಡ್ಡೆ ಇದ್ದಿದ್ದರೂ ಆಗುತ್ತಿತ್ತು. ಮುಂದೆ ಐದು ಕಿಲೋಮೀಟರ್ ಬರೀ ಇಳಿಜಾರು. ಬೇಕಾದಷ್ಟು ಹೊತ್ತಿದೆ ಎಂದು ಅವರ ಎಣಿಕೆ. ಮಂತ್ರಿಗಳು ಬಂದದ್ದು ಅವರಿಗೇನು ಗೊತ್ತು?

ಆಗ ಬೆಂಚಿನ ಮಾತು ನೆನಪಾಯಿತು. ಈಗಲ್ಲದೆ ಇನ್ನು ಯಾವಾಗ ಎಂದು ಬಲಗಾಲು ನೆಲಕ್ಕೆ ಊರಿದರು. ಪಶ್ಚಿಮಕ್ಕೆ ನೋಡಿದರು. ಮೊದಲು ಬರೀ ಬಿಳಿ ಮಬ್ಬು. ಕಣ್ಣು ಕಿರಿದು ಮಾಡಿದ ಮೇಲೆ ಮಬ್ಬಿನ ಅಂಚಿನಲ್ಲಿ ಸಮುದ್ರದ ಒಂದು ಗೆರೆ, ಗೆರೆಯ ಮೇಲೆ ಬೆಂಕಿಕಡ್ಡಿಯಷ್ಟು ದೀಪಸ್ತಂಭ. ಉಂಟು! ಒಬ್ಬರೇ ಗಟ್ಟಿಯಾಗಿ ನಕ್ಕರು. ನಿಂತಲ್ಲಿಂದ ಕಾಲು ಕದಲಿಸದೆ, ಕದಲಿಸಿದರೆ ಪಂದ್ಯ ಕೆಟ್ಟಿತೆಂದು, ಮೆಲ್ಲನೆ ಕುತ್ತಿಗೆಯನ್ನು ಪೂರ್ವಕ್ಕೆ ತಿರುಗಿಸತೊಡಗಿದರು.

ಅಷ್ಟರಲ್ಲಿ ನನ್ನ ಸೀಟಿ.

“ಮತ್ತೆ ಕಂಡಿತಾ ಬಾಯಿ? ಗೊಮ್ಮಟ?”

“ನೀವು ಬಾಳೆಗಿಡ ಕಟ್ಟಿಕೊಂಡು ಬಂದು ಎದುರಿಗೆ ನಿಲ್ಲಿಸಿದರೆ ಎಂತ ಕಾಣ್ತದೆ? ನಿನ್ನ ಬಸ್ಸು ಕಂಡಿತು.”

ಹೀಗೆ ಮಾತಾಡುತ್ತಿರುವಾಗ ನಾವು ಕೂತ ಬಸ್ಸು ಮೂರನೆಯ ಗುಡ್ಡೆಯ ನೆತ್ತಿಯಲ್ಲಿತ್ತು. ಹಿಂದಿನ ಬಸ್ಸಿನವನು ಹಾರ್ನ್ ಒತ್ತುತ್ತಿದ್ದ. ಎರಡು ಸೆಕೆಂಡಿನಲ್ಲಿ ದಾಟಿತು. ಬಾಯಿ ಕಿಟಕಿಯಿಂದ ಕುತ್ತಿಗೆ ಚಾಚಿದ್ದು, ಏಳು ವರ್ಷದಿಂದ ಪ್ರತಿ ಬುಧವಾರ ಹೀಗೇ ಚಾಚುತ್ತಿದ್ದದ್ದು, ಆವತ್ತು ನನ್ನ ಕಣ್ಣಿಗೆ ಬಿತ್ತು. ಗಾಳಿಗಾಗಿ ಎಂದುಕೊಂಡಿದ್ದೆ.

೧೦

ಇನ್ನೊಂದು ವಿಷಯ ಉಳಿಯಿತು. ಅದು ಕತೆಯಲ್ಲ, ಈ ವಾರದ ಸುದ್ದಿ.

ನಾಡಿದ್ದು ಬುಧವಾರ ಜಿಲ್ಲೆಯಲ್ಲಿ ಬಸ್ ಮುಷ್ಕರ. ಒಂದು ಬಸ್ಸೂ ಹೊರಡುವುದಿಲ್ಲ. ಪದವಿನ ಕೊನೆಯ ಮನೆಯ ಬೇಬಿ ಎಂಬವಳು ಏಳು ತಿಂಗಳ ಬಸುರಿ, ಅವಳಿಗೆ ಎರಡನೆಯ ಇಂಜೆಕ್ಷನ್ ಅದೇ ದಿನ ಕೊಡಬೇಕು. ಬಸ್ಸಿದ್ದ ದಿನವೂ, ಅದು ತಿರುಗಿ ಬರುವ ನಲವತ್ತು ನಿಮಿಷದಲ್ಲಿ, ಬಾಯಿಗೆ ಮುಟ್ಟಲು ಆಗುವುದು ಏಳೆಂಟು ಮನೆ. ಕೊನೆಯ ಮನೆ ಯಾವಾಗಲೂ ಕೊನೆಗೇ.

ಇವತ್ತು ಸೋಮವಾರ ಸಂಜೆ ಅವರು ದೂಮಪ್ಪಣ್ಣನ ಅಂಗಡಿಗೆ ಬಂದರು. ಹಸಿರು ಸೈಕಲ್ ಅಟ್ಟದಿಂದ ಇಳಿಯಿತು. ಬಣ್ಣ ಹೋಗಿದೆ. ರಿಮ್ಮು ಹೊಸತು.

“ಮರೆತುಹೋಗಿದ್ದರೆ ಬಾಯಿ?” ದೂಮಪ್ಪಣ್ಣ ಕೇಳಿದರು. “ಐವತ್ತೊಂದು ಆಯಿತು ನಿಮಗೆ.”

“ದಾರಿ ಅಲ್ಲಾಡಿದರೆ ಗೊತ್ತಾಗ್ತದಲ್ಲ.”

“ನಾನು ಜೊತೆಗೆ ಬರ್ಲಾ ಬಾಯಿ?” ಎಂದೆ ನಾನು.

“ನಿನಗೆ ಸೈಕಲ್ ಬರ್ತದಾ?”

(ಓದುಗರೇ, ಬರುವುದಿಲ್ಲ. ಇಷ್ಟು ಹೊತ್ತು ಈ ವಿಷಯ ಮುಚ್ಚಿಟ್ಟಿದ್ದೆ. ಚಿಕ್ಕಂದಿನಿಂದ ನನಗೆ ಬಸ್ಸೇ.)

“ಹಾಗಾದರೆ ನೀನು ಕತೆ ಬರಿ. ಮುಗಿಸಬೇಡ. ನಾನು ನೋಡಿ ಬಂದು ಹೇಳುವವರೆಗೆ ನನ್ನನ್ನು ಎಲ್ಲಿಗೂ ಮುಟ್ಟಿಸಬೇಡ.”

“ನಾಳೆಯೇ ಟಪಾಲಿಗೆ ಹಾಕಬೇಕು ಬಾಯಿ. ನೀವು ಹೋಗುವುದು ನಾಡಿದ್ದು.”

“ಹಾಕು. ನನಗೆ ಎಂತ ಅವಸರ?”

ಆದ್ದರಿಂದ ಸಂಪಾದಕರೇ, ಗೊಮ್ಮಟ ಕಾಣುತ್ತದೋ ಇಲ್ಲವೋ ನನ್ನನ್ನು ಕೇಳಿ ಕಾಗದ ಬರೆಯಬೇಡಿ. ಕೊನೆಯಿಲ್ಲದ ಕತೆಗೆ ಬಹುಮಾನವಿಲ್ಲ ಎಂದು ನಿಯಮವಿದ್ದರೆ ಚಿತ್ರವನ್ನಾದರೂ ನನಗೇ ಬಿಡಿ, ಬಾಯಿ ಕೇಳಿದ್ದಾರೆ. ನನಗೆ ಬರೆಯಲು ಗೊತ್ತಿರುವುದು ಇಷ್ಟು: ನಾಡಿದ್ದು ಬೆಳಗ್ಗೆ, ಫ್ಲಾಸ್ಕು ಕ್ಯಾರಿಯರಿನ ಮೇಲೆ ಬಿಗಿಯಾಗಿ ಕೂತಿದೆ. ಗೇರುಹಣ್ಣು ಹುಳಿಯಾದ ವಾಸನೆ. ಹಸಿರು ಸೈಕಲ್ ಮೂರನೆಯ ಗುಡ್ಡೆಯಲ್ಲಿ ದಾರಿಯ ಆ ಬದಿಯಿಂದ ಈ ಬದಿಗೆ ಹರಿಯುತ್ತ ಹತ್ತುತ್ತಿದೆ. ನೆತ್ತಿ ಬಂತು. ಬಲಗಾಲು ನೆಲಕ್ಕೆ ಊರಿತು. ದೀಪಸ್ತಂಭ ಇದ್ದಲ್ಲೇ ಇದೆ. ಕುತ್ತಿಗೆ ಮೆಲ್ಲನೆ ಪೂರ್ವಕ್ಕೆ ತಿರುಗುತ್ತಿದೆ, ಇನ್ನೂ ತಿರುಗುತ್ತಿದೆ.

ಹಿಂದೆ ಯಾರೂ ಹಾರ್ನ್ ಒತ್ತುತ್ತಿಲ್ಲ.